ಎಣ್ಣೆ ಹಚ್ಚುವ ಹಾಡಿಗೂ ಕೇಸ್ ಶೀಟಿನಲ್ಲಿ ಜಾಗವಿರಲಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ಡಿಮೆನ್ಷಿಯಾ ಆರೈಕೆಯಲ್ಲಿ ಸಂಗೀತದ ಬಳಕೆ ಹಾಗೂ ವೈದ್ಯರು, ನರ್ಸ್‌ಗಳು, ಆಯಾಗಳು ಮತ್ತು ಮನೆಯವರು ಒಟ್ಟಾಗಿ ಕೆಲಸ ಮಾಡುವ ವ್ಯವಸ್ಥೆಯ ಕುರಿತು.

ಮಾನ್ಯರೇ,

ನಾನು ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನವಳು. ಬೆಂಗಳೂರಿನ ಬ್ಯಾಂಕೊಂದರಲ್ಲಿ ನೌಕರಿ ಮಾಡುತ್ತಿದ್ದೇನೆ. ನನ್ನ ತಾಯಿಯವರಿಗೆ ಈಗ 79 ವರ್ಷ. ಮೊದಮೊದಲು ಒಲೆಯ ಮೇಲಿಟ್ಟ ಹಾಲನ್ನು ಮರೆಯುತ್ತಿದ್ದರು, ಆಮೇಲೆ ಮೊಮ್ಮಕ್ಕಳ ಹೆಸರುಗಳನ್ನು ಮರೆತರು, ಕೊನೆಗೆ ನಾನು ಯಾರೆಂಬುದನ್ನೂ ಮರೆತರು. ಊರಿನಲ್ಲಿ ನೆಂಟರು ‘ಅರವತ್ತಕ್ಕೆ ಅರಳುಮರಳು’ ಎಂದು ಸಮಾಧಾನ ಹೇಳುತ್ತಿದ್ದ ದಿನಗಳಲ್ಲಿಯೇ ನಗರದ ವೈದ್ಯರು ಅದಕ್ಕೆ ಡಿಮೆನ್ಷಿಯಾ ಎಂಬ ಹೆಸರು ಕೊಟ್ಟಿದ್ದರು. 2023ರ ಜೂನ್‌ನಿಂದ 2024ರ ಜನವರಿಯವರೆಗೆ ಏಳು ತಿಂಗಳು ಅವರು ಬೆಂಗಳೂರಿನ ಒಂದು ಖಾಸಗಿ ಆರೈಕೆ ಕೇಂದ್ರದಲ್ಲಿದ್ದರು. ಆ ಕೇಂದ್ರದ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಅಲ್ಲಿ ಕೆಲಸ ಮಾಡುತ್ತಿದ್ದವರಲ್ಲಿ ಕೆಟ್ಟವರೆಂದು ಬೆರಳಿಟ್ಟು ತೋರಿಸಬಹುದಾದವರು ಒಬ್ಬರೂ ಇರಲಿಲ್ಲ. ತಮ್ಮ ತಮ್ಮ ಪಾಲಿನ ಕೆಲಸವನ್ನು ಎಲ್ಲರೂ ಮಾಡುತ್ತಿದ್ದರು; ಆದರೆ ಒಬ್ಬರಿಗೆ ತಿಳಿದದ್ದು ಇನ್ನೊಬ್ಬರಿಗೆ ತಲುಪುತ್ತಿರಲಿಲ್ಲ. ಆ ತಲುಪದಿರುವಿಕೆಯಿಂದ ಏನಾಯಿತು ಎಂಬುದನ್ನು ತಮ್ಮ ಗಮನಕ್ಕೆ ತರಲು ಈ ಪತ್ರ.

ಕೇಂದ್ರಕ್ಕೆ ಸೇರಿದ ಎರಡನೆಯ ವಾರದಿಂದಲೇ ಸ್ನಾನದ ಹೊತ್ತು ಬಂತೆಂದರೆ ಅಮ್ಮ ಕೂಗಾಡುತ್ತಿದ್ದರು. ಸೀರೆಯ ಸೆರಗನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಮೈಮುಟ್ಟಿದವರನ್ನು ಪರಚುತ್ತಿದ್ದರು. ಅವರ ದೃಷ್ಟಿಯಿಂದ ನೋಡಿದರೆ ಇದರಲ್ಲಿ ಆಶ್ಚರ್ಯವಿಲ್ಲ: ಗುರುತಿಲ್ಲದ ಇಬ್ಬರು ಬಂದು, ಗುರುತಿಲ್ಲದ ಕೋಣೆಗೆ ಕರೆದೊಯ್ದು ಬಟ್ಟೆ ಬಿಚ್ಚಲು ನೋಡಿದರೆ ಮರ್ಯಾದಸ್ಥ ಹೆಂಗಸು ಇನ್ನೇನು ಮಾಡಿಯಾಳು? ಆಗಸ್ಟ್ ತಿಂಗಳಲ್ಲಿ ಒಬ್ಬ ಹೊಸ ಆಯಾ ಬಂದರು, ಕೊಪ್ಪಳದ ಕಡೆಯವರು. ಒಂದು ದಿನ ಅವರು ಸ್ನಾನದ ಮಾತನ್ನೇ ಎತ್ತದೆ, ಬಟ್ಟಲಲ್ಲಿ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ತಂದು, ಮಂಚದ ಮೇಲೆ ಕೂತಿದ್ದ ಅಮ್ಮನ ನೆತ್ತಿಗೆ ಒತ್ತಿದರಂತೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ಎರಡೂ ಅಂಗೈಗಳನ್ನು ಮುಂದಕ್ಕೆ ಚಾಚಿ, ನಮ್ಮ ಕಡೆ ಮದುವೆಮನೆಯಲ್ಲಿ ಎಣ್ಣೆ ಶಾಸ್ತ್ರಕ್ಕೆ ಹೇಳುವ ಹಾಡನ್ನು ಒಡಕು ಧ್ವನಿಯಲ್ಲಿ ಶುರುಮಾಡಿದರಂತೆ. ಆಯಾಗೆ ಆ ಹಾಡು ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದರೂ ಜೊತೆಗೆ ಗುನುಗಿದರು. ನಾಲ್ಕಾರು ದಿನಗಳಲ್ಲಿ ಕಲಿತೂಬಿಟ್ಟರು. ಅಲ್ಲಿಂದ ಮುಂದೆ ಹಾಡು ಮಂಚದ ಮೇಲೆ ಶುರುವಾಗಿ ಬಚ್ಚಲಲ್ಲಿ ಮುಗಿಯುತ್ತಿತ್ತು. ಒಂದು ಭಾನುವಾರ ಬಚ್ಚಲಿನ ಬಾಗಿಲ ಹೊರಗೆ ನಿಂತು ನಾನೇ ಅದನ್ನು ಕೇಳಿಸಿಕೊಂಡೆ. ನನ್ನ ಹೆಸರು ನೆನಪಿಲ್ಲದ ನನ್ನಮ್ಮ ಎರಡನೆಯ ನುಡಿಯಲ್ಲಿ ಆಯಾ ತಪ್ಪಿದ ಒಂದು ಮಾತನ್ನು ತಿದ್ದಿ ಹೇಳಿಕೊಟ್ಟರು.

ಅಕ್ಟೋಬರ್ ಕೊನೆಯಲ್ಲಿ, ಆಯಾಗಳನ್ನು ಒದಗಿಸುವ ಏಜೆನ್ಸಿಯವರು ಆ ಹೆಂಗಸನ್ನು ಬೇರೊಂದು ಕಡೆಗೆ ಹಾಕಿದರು. ಅವರ ಜೊತೆ ಹಾಡೂ ಹೋಯಿತು. ಬದಲಿಗೆ ಬಂದವರಿಗೆ ಯಾರೂ ಏನೂ ಹೇಳಲಿಲ್ಲ, ಏಕೆಂದರೆ ಹೇಳುವವರಿಗೇ ಗೊತ್ತಿರಲಿಲ್ಲ. ಸ್ನಾನ ಮತ್ತೆ ಯುದ್ಧವಾಯಿತು. ನವೆಂಬರ್‌ನಲ್ಲಿ ನಾನು ಹೇಳದೆ ಕೇಳದೆ ಬೆಳಿಗ್ಗೆ ಹೋದ ಒಂದು ದಿನ ಅಮ್ಮನ ಬಲಗೈಯನ್ನು ಮಂಚದ ಕಂಬಿಗೆ ಬಟ್ಟೆಯಿಂದ ಕಟ್ಟಿದ್ದರು. ವಾರಕ್ಕೊಮ್ಮೆ ಬರುವ ವೈದ್ಯರು, ತಮಗೆ ವರದಿಯಾದಷ್ಟನ್ನು ನೋಡಿ, ಉದ್ರೇಕ ತಗ್ಗಿಸುವ ಮಾತ್ರೆ ಬರೆದರು. ಡಿಸೆಂಬರ್ ಹೊತ್ತಿಗೆ ಅಮ್ಮ ದಿನವಿಡೀ ತೂಕಡಿಸುತ್ತಿದ್ದರು. ಜನವರಿಯ ಒಂದು ರಾತ್ರಿ ಎದ್ದು ಶೌಚಾಲಯಕ್ಕೆ ಹೋಗುವಾಗ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು.

ಮಾತ್ರೆಯಿಂದಲೇ ಬಿದ್ದರೆಂದು ನಾನು ಸಾಧಿಸಲಾರೆ, ಆ ವಾದಕ್ಕೂ ಇಳಿಯುವುದಿಲ್ಲ. ಆದರೆ ಆ್ಯಂಟಿಸೈಕಾಟಿಕ್ ಎಂದು ಕರೆಯುವ ಈ ಬಗೆಯ ಮಾತ್ರೆಗಳ ವಿಷಯ ಗುಟ್ಟೇನಲ್ಲ. ಡಿಮೆನ್ಷಿಯಾ ಇರುವ ವಯಸ್ಸಾದವರಲ್ಲಿ ಇವು ಸಾವಿನ ಸಂಭವವನ್ನು ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2005ರಲ್ಲಿ ಹೊಸ ಪೀಳಿಗೆಯ ಔಷಧಗಳಿಗೂ, 2008ರಲ್ಲಿ ಹಳೆಯವಕ್ಕೂ ಮಾಹಿತಿಪತ್ರದಲ್ಲಿ ಚೌಕಟ್ಟಿನೊಳಗಿನ ಕಟ್ಟೆಚ್ಚರಿಕೆಯನ್ನು ಕಡ್ಡಾಯ ಮಾಡಿತು. ಬೀಳುವುದು, ಪಾರ್ಶ್ವವಾಯು ಇವೂ ಅವುಗಳ ಗೊತ್ತಿರುವ ಅಪಾಯಗಳೇ. ಕೆಲವೊಮ್ಮೆ ಮಾತ್ರೆ ಬೇಕಾಗುತ್ತದೆ, ಒಪ್ಪುತ್ತೇನೆ. ನನ್ನ ಪ್ರಶ್ನೆ ಇಷ್ಟೇ: ಮಾತ್ರೆ ಬರೆಯುವ ಮೊದಲು ‘ಇವರಿಗೆ ಹಿತವಾಗುವುದು ಏನು ಎಂದು ಇಲ್ಲಿ ಯಾರಿಗಾದರೂ ಗೊತ್ತೇ’ ಎಂದು ವೈದ್ಯರು ಕೇಳುವ ಪರಿಪಾಠವಿದ್ದಿದ್ದರೆ, ಅದಕ್ಕೆ ಉತ್ತರ ಹೇಳಬಲ್ಲವರು ಎರಡು ತಿಂಗಳ ಕಾಲ ಅದೇ ಕಟ್ಟಡದಲ್ಲಿದ್ದರಲ್ಲವೇ?

ಅಮ್ಮನನ್ನು ಬಿಡಿಸಿಕೊಂಡು ಬರುವಾಗ ನಾನು ಅವರ ಕಡತದ ನಕಲನ್ನು ಕೇಳಿ ಪಡೆದೆ. ಒಟ್ಟು 41 ಪುಟ. ಮೊದಲ ಪುಟದಲ್ಲಿ ಧರ್ಮ, ಸಸ್ಯಾಹಾರಿಯೋ ಮಾಂಸಾಹಾರಿಯೋ ಎಂಬುದು, ಸಕ್ಕರೆ ಕಾಯಿಲೆ ಇದೆಯೋ ಇಲ್ಲವೋ ಎಂಬುದು, ಹಣ ಕಟ್ಟುವವರ ಫೋನ್ ನಂಬರ್ ಇವಕ್ಕೆಲ್ಲ ಮನೆಗಳಿದ್ದವು. ‘ಸ್ನಾನಕ್ಕೆ ಸಹಕರಿಸುವುದಿಲ್ಲ, ಉದ್ರೇಕ’ ಎಂದು ಮೂರು ಕೈಬರಹಗಳಲ್ಲಿ ಮತ್ತೆ ಮತ್ತೆ ಬರೆದಿತ್ತು. ಸೆಪ್ಟೆಂಬರ್‌ ತಿಂಗಳ ಹಾಳೆಗಳಲ್ಲಿ ಮಾತ್ರ ಆ ಸಾಲು ಒಮ್ಮೆಯೂ ಇಲ್ಲ. ಅದು ಏಕೆ ಇಲ್ಲ ಎಂದು ಕೇಳಬೇಕೆಂದು ಯಾರಿಗೂ ಅನ್ನಿಸಿಲ್ಲ. ಗಲಾಟೆ ಮಾಡಿದ ದಿನ ದಾಖಲಾಗುತ್ತದೆ, ಹಾಡಿಕೊಂಡು ಮಿಂದ ದಿನ ದಾಖಲಾಗುವುದಿಲ್ಲ.

ಹಾಗೆಂದು ಆ ಕೇಂದ್ರದಲ್ಲಿ ಸಂಗೀತ ಇರಲಿಲ್ಲವೆಂದಲ್ಲ. ‘ಸಂಗೀತ ಚಿಕಿತ್ಸೆ’ ಎಂಬುದು ಅವರ ಜಾಹೀರಾತಿನ ಕರಪತ್ರದಲ್ಲಿಯೇ ಇತ್ತು, ತಿಂಗಳ ಬಿಲ್ಲಿನಲ್ಲಿಯೂ ಇತ್ತು. ಪ್ರತಿ ಮಂಗಳವಾರ ಸಂಜೆ ನಾಲ್ಕು ಗಂಟೆಗೆ ಒಬ್ಬ ಯುವಕ ಬ್ಲೂಟೂತ್ ಸ್ಪೀಕರ್ ತಂದು ಹಜಾರದ ನಡುವೆ ಇಟ್ಟು ಹಳೆಯ ಚಿತ್ರಗೀತೆಗಳನ್ನು ಹಾಕುತ್ತಿದ್ದ. ಒಳ್ಳೆಯ ಹುಡುಗ, ಕಂಠವೂ ಚೆನ್ನಾಗಿತ್ತು. ಆದರೆ ಅಮ್ಮನಿಗೆ ಬಲಗಿವಿ ಕೇಳಿಸುವುದಿಲ್ಲವೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಅವರನ್ನು ಯಾವಾಗಲೂ ಸ್ಪೀಕರ್‌ ಬಲಕ್ಕೆ ಬರುವಂತೆ ಕೂರಿಸುತ್ತಿದ್ದರು. ಒಬ್ಬ ಹಿರಿಯರು ಶಬ್ದ ತಾಳಲಾರದೆ ಎರಡೂ ಕಿವಿ ಮುಚ್ಚಿಕೊಂಡು ಕೂರುತ್ತಿದ್ದರು. ಇನ್ನೊಬ್ಬ ಅಜ್ಜಿ ಒಂದು ಜೋಗುಳದಂಥ ಹಾಡು ಬಂದಾಗಲೆಲ್ಲ ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ‘ಎಷ್ಟು ಭಾವುಕರಾಗಿ ಸ್ಪಂದಿಸುತ್ತಾರೆ ನೋಡಿ’ ಎಂದು ಮೇಲ್ವಿಚಾರಕರು ನನಗೆ ಹೆಮ್ಮೆಯಿಂದ ತೋರಿಸಿದರು. ಆ ಅಜ್ಜಿ ಹಸುಗೂಸೊಂದನ್ನು ಕಳೆದುಕೊಂಡವರೆಂದು ಆಮೇಲೆ ಅವರ ಸೊಸೆ ನನ್ನೊಡನೆ ಹೇಳಿದರು. ಅದನ್ನು ಕೇಂದ್ರದವರು ಯಾರೂ ಅವರ ಬಳಿ ಕೇಳಿರಲಿಲ್ಲ. ಹಾಡು ಔಷಧವೆನ್ನುವುದಾದರೆ ಅದಕ್ಕೂ ಪ್ರಮಾಣ, ಹೊತ್ತು, ಪಥ್ಯ, ಅಡ್ಡಪರಿಣಾಮ ಎಲ್ಲವೂ ಇರಬೇಕಲ್ಲವೇ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಯಾವ ರಾಗಕ್ಕೆ ಯಾವ ರೋಗ ವಾಸಿಯಾಗುತ್ತದೆ ಎಂಬ ಪಟ್ಟಿಗಳು ವಾಟ್ಸ್ಆ್ಯಪ್‌ನಲ್ಲಿ ದಿನಬೆಳಗಾದರೆ ಬರುತ್ತವೆ. ಅಂಥದ್ದನ್ನು ಸರ್ಕಾರ ಬೆಂಬಲಿಸಲಿ ಎಂದು ನಾನು ಕೇಳುತ್ತಿಲ್ಲ. ಸಂಗೀತದಿಂದ ಡಿಮೆನ್ಷಿಯಾ ಗುಣವಾಗುವುದಿಲ್ಲ, ಹೋದ ನೆನಪು ಮರಳುವುದಿಲ್ಲ. ವೈದ್ಯಕೀಯ ಪುರಾವೆಗಳನ್ನು ನಿಷ್ಠುರವಾಗಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ವಿಮರ್ಶೆ 2018ರಲ್ಲಿ 22 ಪ್ರಯೋಗಗಳನ್ನೂ, 2025ರ ಪರಿಷ್ಕರಣೆಯಲ್ಲಿ 30 ಪ್ರಯೋಗಗಳನ್ನೂ ಪರಿಶೀಲಿಸಿತು. ಕನಿಷ್ಠ ಐದು ಬಾರಿಯಾದರೂ ಕ್ರಮವಾಗಿ ನಡೆಸಿದ ಸಂಗೀತ ಚಿಕಿತ್ಸೆಯಿಂದ ಖಿನ್ನತೆಯ ಲಕ್ಷಣಗಳು ಸ್ವಲ್ಪ ತಗ್ಗುವ ಸಂಭವವಿದೆ, ಒಟ್ಟಾರೆ ನಡವಳಿಕೆಯ ತೊಂದರೆಗಳೂ ಸುಧಾರಿಸಬಹುದು ಎಂಬಷ್ಟನ್ನೇ ಅದು ಹೇಳುತ್ತದೆ. ಹಾಗೆಯೇ, ಬಹುಕಾಲದಿಂದ ಬಲ್ಲ ಹಾಡನ್ನು ಗುರುತಿಸುವ ಮೆದುಳಿನ ಭಾಗಗಳು, ಡಿಮೆನ್ಷಿಯಾಕ್ಕೆ ಅತಿ ಸಾಮಾನ್ಯ ಕಾರಣವಾದ ಆಲ್ಜೈಮರ್ ಕಾಯಿಲೆಯಲ್ಲಿ ಉಳಿದ ಭಾಗಗಳಿಗಿಂತ ತಡವಾಗಿ ಸವೆಯುತ್ತವೆ ಎಂಬುದಕ್ಕೆ ಲೈಪ್‌ಜಿಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಂಶೋಧಕರು 2015ರಲ್ಲಿ ಆಧಾರ ಒದಗಿಸಿದ್ದಾರೆ. ನಾನು ಬಚ್ಚಲ ಬಾಗಿಲಲ್ಲಿ ಕೇಳಿದ್ದಕ್ಕೆ ಇದು ವಿವರಣೆಯಾದೀತು. ಲಾಭ ದೊಡ್ಡದಲ್ಲ, ನಿಜ. ಆದರೆ ಕೈಕಟ್ಟುವುದಕ್ಕೂ ಕಟ್ಟದಿರುವುದಕ್ಕೂ ನಡುವಿನ ವ್ಯತ್ಯಾಸ ಅಷ್ಟು ಸಣ್ಣ ಲಾಭದಿಂದಲೇ ಆಗಬಹುದು.

ಒಟ್ಟಾಗಿ ಕೆಲಸ ಮಾಡುವುದು ಪರದೇಶದ ಮಾತೆಂದು, ನಮ್ಮಲ್ಲಿ ಅದಕ್ಕೆ ಜನವಿಲ್ಲ, ಹಣವಿಲ್ಲವೆಂದು ತಮ್ಮ ಅಧಿಕಾರಿಗಳು ಹೇಳಬಹುದು. ಅವರಿಗೆ ನಾನು ಬಳ್ಳಾರಿಯನ್ನು ನೆನಪಿಸುತ್ತೇನೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ, ಮನೋವೈದ್ಯರೊಬ್ಬರ ಮೇಲೆಯೇ ಎಲ್ಲ ಭಾರ ಹಾಕದೆ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಮಾನಸಿಕ ಆರೋಗ್ಯ ಸೇವೆಯನ್ನು ಕಟ್ಟಿದರು. ಆ ಬಳ್ಳಾರಿ ಮಾದರಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಹೋಯಿತು. 2022ರಲ್ಲಿ ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮವನ್ನು ಆರಂಭಿಸಿದ್ದು ಇದೇ ಇಲಾಖೆ, ಇದೇ ನಿಮ್ಹಾನ್ಸ್. ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರಿನಲ್ಲಿ ಮೊದಲು ಮೆದುಳು ಆರೋಗ್ಯ ಕ್ಲಿನಿಕ್‌ಗಳು ಬಂದವು. ಕಾಯಿಲೆಯನ್ನು ಗುರುತಿಸುವ ಕೆಲಸದಲ್ಲಿ ಇದು ದೊಡ್ಡ ಹೆಜ್ಜೆ, ಅದಕ್ಕಾಗಿ ಇಲಾಖೆಗೆ ಕೃತಜ್ಞತೆ ಸಲ್ಲಲೇಬೇಕು. ಗುರುತಿಸಿದ ಮೇಲಿನ ವರ್ಷಗಟ್ಟಲೆಯ ಆರೈಕೆ ಮಾತ್ರ ಇಂದಿಗೂ ಮನೆಯ ಹೆಣ್ಣುಮಕ್ಕಳ ಪಾಲಿಗೋ ಏಜೆನ್ಸಿಯ ಆಯಾಗಳ ಪಾಲಿಗೋ ಬಿಟ್ಟದ್ದಾಗಿದೆ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಪ್ರಕಾರ ಭಾರತದಲ್ಲಿ 60 ವರ್ಷ ಮೀರಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿ ಡಿಮೆನ್ಷಿಯಾದೊಂದಿಗೆ ಬದುಕುತ್ತಿದ್ದಾರೆ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ಇವರಲ್ಲಿ ಬಹುಪಾಲು ಜನರಿಗೆ ಮಂಗಳವಾರದ ಸ್ಪೀಕರ್ ಕೂಡ ಸಿಗುವುದಿಲ್ಲ.

ಆದ್ದರಿಂದ ನನ್ನ ಕೋರಿಕೆಗಳನ್ನು, ಹಣ ಖರ್ಚಾಗದ್ದರಿಂದಲೇ ಆರಂಭಿಸುತ್ತೇನೆ.

ಡಿಮೆನ್ಷಿಯಾ ಇರುವವರನ್ನು ಇರಿಸಿಕೊಳ್ಳುವ ಪ್ರತಿಯೊಂದು ಆಸ್ಪತ್ರೆ, ಆರೈಕೆ ಕೇಂದ್ರ ಮತ್ತು ವೃದ್ಧಾಶ್ರಮದಲ್ಲಿ, ಕೇಸ್ ಶೀಟಿನ ಮೊದಲಿಗೇ ಒಂದು ಹಾಳೆ ಇರಬೇಕೆಂದು ಇಲಾಖೆ ಸುತ್ತೋಲೆ ಹೊರಡಿಸಲಿ. ಈ ವ್ಯಕ್ತಿ ಯಾವ ಊರಿನವರು, ಮನೆಯಲ್ಲಿ ಯಾವ ಮಾತು ಆಡುತ್ತಿದ್ದರು, ಯಾವ ಹಾಡು ಬರುತ್ತದೆ (ಬೀಸುವ ಪದವೋ, ಭಜನೆಯೋ, ಸೋಬಾನೆಯೋ, ಆಜಾನ್‌ನ ಹೊತ್ತಿನ ಮೌನವೋ, ಚರ್ಚಿನ ಗೀತೆಯೋ), ಯಾವ ಹಾಡು ಬೇಡ, ಯಾವ ಕಿವಿ ಕೇಳಿಸುತ್ತದೆ, ಯಾವ ಹೊತ್ತಿನಲ್ಲಿ ಮನಸ್ಸು ಕದಡುತ್ತದೆ ಎಂಬುದು ಅದರಲ್ಲಿರಲಿ. ಮುಖ್ಯವಾಗಿ, ಆ ಹಾಳೆಯಲ್ಲಿ ಬರೆಯುವ ಅಥವಾ ಬರೆಸುವ ಅಧಿಕಾರ ಆಯಾಗೂ ಇರಲಿ. ಅಕ್ಷರ ಬಾರದವರು ಹೇಳಿದ್ದನ್ನು ನರ್ಸ್ ಬರೆದುಕೊಳ್ಳಲಿ. ಆಯಾ ಬದಲಾಗುವಾಗ ಹಳಬರು ಹೊಸಬರ ಜೊತೆ ಕನಿಷ್ಠ ಎರಡು ದಿನ ಇದ್ದು, ಹಾಳೆಯನ್ನಷ್ಟೇ ಅಲ್ಲ, ಅಭ್ಯಾಸಗಳನ್ನೂ ಕೈದಾಟಿಸಬೇಕೆಂಬ ಷರತ್ತನ್ನು ಏಜೆನ್ಸಿಗಳ ಒಪ್ಪಂದದಲ್ಲಿ ಸೇರಿಸಲಿ.

ವಾರಕ್ಕೊಮ್ಮೆ, ಇಪ್ಪತ್ತು ನಿಮಿಷ ಸಾಕು, ವೈದ್ಯರು, ನರ್ಸ್, ಫಿಸಿಯೋಥೆರಪಿಯವರು, ಸಂಗೀತ ನಡೆಸುವವರು, ಆಯಾ ಮತ್ತು ಮನೆಯವರು ಒಟ್ಟಿಗೆ ಕೂತು ಮಾತಾಡುವ ಪದ್ಧತಿ ಬರಲಿ. ಅಮ್ಮನಿಗೆ ದಿನ ಬಿಟ್ಟು ದಿನ ನಡಿಗೆಯ ಅಭ್ಯಾಸ ಮಾಡಿಸುತ್ತಿದ್ದ ಫಿಸಿಯೋಥೆರಪಿಯವರು ‘ಹೆಜ್ಜೆಯನ್ನೇ ಎತ್ತುವುದಿಲ್ಲ’ ಎಂದು ಬೇಸರಪಡುತ್ತಿದ್ದರು. ಅದೇ ಅಮ್ಮ ಹಾಡಿನ ತಾಳಕ್ಕೆ ಮಂಚದಿಂದ ಬಚ್ಚಲವರೆಗೆ ಸರಾಗವಾಗಿ ನಡೆಯುತ್ತಿದ್ದದ್ದು ಅವರಿಗೆ ತಿಳಿದದ್ದು ನನ್ನಿಂದ, ಅದೂ ಅಮ್ಮ ಆಸ್ಪತ್ರೆ ಸೇರಿದ ಮೇಲೆ, ಫೋನಿನಲ್ಲಿ. ಏಳು ತಿಂಗಳಲ್ಲಿ ಇವರೆಲ್ಲ ಒಮ್ಮೆಯೂ ಒಂದು ಮೇಜಿನ ಸುತ್ತ ಕೂತಿರಲಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ಕ್ಲಿನಿಕ್‌ಗೆ ಮನೋವೈದ್ಯರು ಬರುವ ದಿನವೇ ಇಂಥ ಮಾತುಕತೆಗೂ ಸಮಯ ಮಾಡಿಕೊಂಡರೆ ಹಳ್ಳಿಯ ಮನೆಗಳಲ್ಲಿ ಆರೈಕೆ ಮಾಡುವವರಿಗೂ, ಆಶಾ ಕಾರ್ಯಕರ್ತೆಯರಿಗೂ ಅದರ ಪ್ರಯೋಜನ ಸಿಗುತ್ತದೆ.

ತುರ್ತಲ್ಲದ ಸಂದರ್ಭದಲ್ಲಿ ಉದ್ರೇಕ ತಗ್ಗಿಸುವ ಮಾತ್ರೆ ಶುರುಮಾಡುವ ಮೊದಲು, ಬೇರೆ ಏನೇನು ಪ್ರಯತ್ನಿಸಲಾಗಿತ್ತು ಎಂಬುದನ್ನು ಬರಹದಲ್ಲಿ ದಾಖಲಿಸುವುದನ್ನು ಕಡ್ಡಾಯ ಮಾಡಿರಿ. ಕೈಕಾಲು ಕಟ್ಟುವ ವಿಷಯದಲ್ಲಿ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 97ನೆಯ ಕಲಂ ಸ್ಪಷ್ಟವಾಗಿದೆ: ಆ ಕ್ಷಣದ ಅಪಾಯವನ್ನು ತಡೆಯಲು ಬೇರೆ ದಾರಿಯೇ ಇಲ್ಲದಿದ್ದಾಗ, ಮನೋವೈದ್ಯರ ಅನುಮತಿಯಿಂದ ಮಾತ್ರ. ನಾನು ಇದನ್ನು ಕೇಂದ್ರದವರ ಮುಂದಿಟ್ಟಾಗ ‘ನಮ್ಮದು ಆಸ್ಪತ್ರೆಯಲ್ಲ, ಹಿರಿಯರ ಮನೆ’ ಎಂಬ ಉತ್ತರ ಬಂತು. ಫಲಕದ ಮೇಲೆ ಏನೇ ಬರೆದಿರಲಿ, ಡಿಮೆನ್ಷಿಯಾ ಇರುವವರನ್ನು ಇರಿಸಿಕೊಳ್ಳುವ ಎಲ್ಲ ಕೇಂದ್ರಗಳಿಗೂ ಈ ನಿಯಮವೇ ಅನ್ವಯವೆಂದು ಇಲಾಖೆ ಲಿಖಿತವಾಗಿ ಸ್ಪಷ್ಟಪಡಿಸಬೇಕು.

ಇನ್ನು ಹಣ ಮತ್ತು ಸಮಯ ಎರಡೂ ಬೇಕಾಗುವ ಕೋರಿಕೆ. ಬ್ರಿಟನ್ನಿನಲ್ಲಿ ನೋಂದಣಿಯಿಲ್ಲದವರು ತಮ್ಮನ್ನು ಸಂಗೀತ ಚಿಕಿತ್ಸಕರೆಂದು ಕರೆದುಕೊಳ್ಳುವಂತಿಲ್ಲ. ನಮ್ಮಲ್ಲಿ ಸ್ಪೀಕರ್ ಕೊಂಡವರೆಲ್ಲ ಆ ಹೆಸರಿನಲ್ಲಿ ಬಿಲ್ ಮಾಡಬಹುದು. ವೈದ್ಯಕೀಯಕ್ಕೆ ಪೂರಕವಾದ ವೃತ್ತಿಗಳನ್ನು ಒಂದು ಚೌಕಟ್ಟಿಗೆ ತರಲು 2021ರಲ್ಲಿ ಕೇಂದ್ರ ಕಾಯ್ದೆ ಬಂದಿದೆ. ಅದರ ಅಡಿಯಲ್ಲಿ ಸಂಗೀತ ಚಿಕಿತ್ಸಕರ ಅರ್ಹತೆ ಮತ್ತು ಸ್ಥಾನವೇನು ಎಂಬುದನ್ನು ರಾಜ್ಯವು ಕೇಂದ್ರ ಸರ್ಕಾರದೊಡನೆ ಮಾತಾಡಿ ಇತ್ಯರ್ಥ ಮಾಡಿಕೊಳ್ಳಲಿ. ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ವಿಶ್ವವಿದ್ಯಾಲಯವಿದೆ, ಬೆಂಗಳೂರಿನಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ, ನಿಮ್ಹಾನ್ಸ್‌ನಲ್ಲಿ ಸಂಗೀತ ಮತ್ತು ಮೆದುಳನ್ನು ಕುರಿತು ಸಂಶೋಧನೆ ನಡೆಸುವ ಪ್ರಯೋಗಾಲಯವಿದೆ. ಮೂರೂ ಸೇರಿ ಒಂದು ಪಠ್ಯಕ್ರಮ ರೂಪಿಸುವುದು ಕಷ್ಟವಾಗಬಾರದು. ಅದರಲ್ಲಿ ಶಾಸ್ತ್ರೀಯ ಸಂಗೀತಕ್ಕಷ್ಟೇ ಮಣೆ ಹಾಕದೆ, ನಮ್ಮ ತಾಯಂದಿರಿಗೆ ನಿಜವಾಗಿ ಬರುವ ಹಸೆ ಹಾಡು, ಕುಟ್ಟುವ ಪದ, ಲಾವಣಿ, ತತ್ವಪದಗಳಿಗೂ ಜಾಗವಿರಬೇಕು. ಕಲಿಸಲು ಬೇಕಾದ ಹಾಡುಗಾರ್ತಿಯರು ಪ್ರತಿ ಜಿಲ್ಲೆಯಲ್ಲಿದ್ದಾರೆ, ಅವರಿಗೂ ವಯಸ್ಸಾಗುತ್ತಿದೆ.

ಇಷ್ಟೆಲ್ಲ ಬರೆದ ಮೇಲೆ ನನ್ನ ಪಾಲಿನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಕೇಂದ್ರಕ್ಕೆ ಸೇರಿಸುವ ದಿನ ಅಮ್ಮನ ರಕ್ತದೊತ್ತಡದ ಮಾತ್ರೆಗಳ ಪಟ್ಟಿಯನ್ನು ಟೈಪ್ ಮಾಡಿಸಿಕೊಂಡು ಹೋಗಿದ್ದ ನಾನು, ಅವರು ನಮ್ಮೂರಿನ ಮದುವೆಮನೆಗಳಲ್ಲಿ ನಲವತ್ತು ವರ್ಷ ಹಾಡಿದವರೆಂದು ಹೇಳಲಿಲ್ಲ. ಯಾರೂ ಕೇಳಲಿಲ್ಲ ಎಂಬುದು ಒಂದು ಕಾರಣ. ಅಂಥ ದೊಡ್ಡ ಕಟ್ಟಡದಲ್ಲಿ, ಅಷ್ಟು ಇಂಗ್ಲಿಷಿನ ನಡುವೆ, ಎಣ್ಣೆ ಹಚ್ಚುವ ಹಾಡಿನ ಮಾತೆತ್ತಲು ನಾಚಿಕೆಯಾಯಿತು ಎಂಬುದು ಇನ್ನೊಂದು. ಫಾರಂನಲ್ಲಿ ಅದಕ್ಕೊಂದು ಮನೆ ಇದ್ದಿದ್ದರೆ ನಾಚಿಕೆಯಿಲ್ಲದೆ ತುಂಬಿರುತ್ತಿದ್ದೆ.

ಅಮ್ಮ ಈಗ ಸಾಗರದ ಮನೆಯಲ್ಲಿ ಅಣ್ಣ ಅತ್ತಿಗೆಯರ ಆರೈಕೆಯಲ್ಲಿದ್ದಾರೆ, ಹಾಸಿಗೆ ಹಿಡಿದಿದ್ದಾರೆ. ಆ ಆಯಾರನ್ನು ಹುಡುಕಿ ಫೋನ್ ಮಾಡಿದ್ದೆ. ಹಾಡನ್ನು ತಾವು ಮರೆತಿಲ್ಲವೆಂದು ಹೇಳಿ, ಪೂರ್ತಿ ಬರೆಸಿದರು. ಅಮ್ಮ ತಿದ್ದಿದ ಆ ಎರಡನೆಯ ನುಡಿಯೂ ಸೇರಿದಂತೆ. ತಾವು ಸಮಯ ಕೊಟ್ಟು ಕರೆದರೆ, 41 ಪುಟಗಳ ಕಡತದ ನಕಲನ್ನೂ, 42ನೆಯದಾಗಿ ನಾನು ಸೇರಿಸಿಟ್ಟಿರುವ ಆ ಪುಟವನ್ನೂ ತಮ್ಮ ಕಚೇರಿಗೆ ತಂದು ತೋರಿಸಲು ಸಿದ್ಧಳಿದ್ದೇನೆ. ಈ ಕೋರಿಕೆಗಳಲ್ಲಿ ಯಾವುದನ್ನು ಕೈಗೊಳ್ಳಬಹುದು, ಯಾವುದನ್ನು ಆಗುವುದಿಲ್ಲ ಎಂಬುದನ್ನು ಇಲಾಖೆಯ ಉತ್ತರದಲ್ಲಿ ತಿಳಿಸಬೇಕಾಗಿ ವಿನಂತಿ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
ಸಾಗರ ತಾಲ್ಲೂಕಿನ ಒಬ್ಬ ಮಗಳು